ಒಂದೇ ಅಕ್ಷಾಂಶ, ಬೇರೆ ಬೇರೆ ವಾಯುಗುಣ

ಭಾರತದ ಭೂಪಟವನ್ನು ಮುಂದಿಟ್ಟುಕೊಂಡು ಹದಿನೈದೂವರೆ ಡಿಗ್ರಿ ಉತ್ತರ ಅಕ್ಷಾಂಶದ ಗುಂಟ ಪಶ್ಚಿಮದಿಂದ ಪೂರ್ವಕ್ಕೆ ಒಂದು ಗೆರೆಯನ್ನು ಎಳೆಯೋಣ. ಅದು ಅರಬ್ಬೀ ಸಮುದ್ರದ ದಂಡೆಯಲ್ಲಿ ಪಣಜಿಯನ್ನು ಮುಟ್ಟುವುದು. ಅಲ್ಲಿಂದ ಸಹ್ಯಾದ್ರಿಯನ್ನೂ ಧಾರವಾಡದ ಸೀಮೆಯನ್ನೂ ದಾಟಿ ಕೊಪ್ಪಳ ಜಿಲ್ಲೆಯನ್ನು ಹೊಗುವುದು. ಕುಷ್ಟಗಿ, ಯಲಬುರ್ಗಾಗಳು ಗೆರೆಯ ಉತ್ತರಕ್ಕೂ ಕೊಪ್ಪಳ, ಗಂಗಾವತಿಗಳು ದಕ್ಷಿಣಕ್ಕೂ ಸಮೀಪದಲ್ಲಿಯೇ ಇರುವುವು. ಮುಂದೆ ಗೆರೆಯು ಆಂಧ್ರಪ್ರದೇಶದಲ್ಲಿ ಬಂಗಾಳ ಕೊಲ್ಲಿಯ ಕರಾವಳಿಯ ಒಂಗೋಲನ್ನು ಸೇರುವುದು. ಗಂಗಾವತಿಯಿಂದ ಪಣಜಿಗೆ ನೇರ ಅಳತೆಯಲ್ಲಿ ಸುಮಾರು 290 ಕಿಲೋಮೀಟರು. ಒಂಗೋಲಿಗೆ ಸುಮಾರು 375 ಕಿಲೋಮೀಟರು.

ಈ ಊರುಗಳಿಗೆಲ್ಲ ಸೂರ್ಯನು ಭೇದವೆಣಿಸುವುದಿಲ್ಲ. ಮೇ ತಿಂಗಳ ಮೊದಲ ವಾರದಲ್ಲಿ ಒಮ್ಮೆ, ಆಗಸ್ಟ್ ತಿಂಗಳ ಎರಡನೆಯ ವಾರದ ಸುಮಾರಿಗೆ ಇನ್ನೊಮ್ಮೆ, ನಡುಹಗಲಲ್ಲಿ ಅವನು ಇವೆಲ್ಲವುಗಳ ನೆತ್ತಿಯ ಮೇಲೆಯೇ ಬರುವನು. ಹಗಲಿನ ಉದ್ದವೂ ಒಂದೇ. ಆದರೆ ಪಣಜಿಯಲ್ಲಿ ವರ್ಷಕ್ಕೆ ಸುಮಾರು 2,900 ಮಿಲಿಮೀಟರು ಮಳೆ ಸುರಿಯುವುದು. ಕೊಪ್ಪಳದ ಸೀಮೆಯಲ್ಲಿ 600 ಮಿಲಿಮೀಟರಿನ ಆಸುಪಾಸು ಮಾತ್ರ. ಒಂಗೋಲು ಪಣಜಿಯಂತೆ ಕರಾವಳಿಯ ಊರೇ ಆದರೂ ಅಲ್ಲಿ ಪಣಜಿಯ ಮೂರನೆಯ ಒಂದು ಪಾಲಿನಷ್ಟು ಮಳೆಯೂ ಇಲ್ಲ. ಮೇ ತಿಂಗಳಲ್ಲಿ ಪಣಜಿಯ ಹಗಲಿನ ಉಷ್ಣತೆ 33 ಡಿಗ್ರಿಯ ಸುಮಾರಿನಲ್ಲಿದ್ದರೆ, ಒಂಗೋಲಿನಲ್ಲಿ ಅದು 40 ಡಿಗ್ರಿಯನ್ನು ಮೀರುವುದು ಅಪರೂಪವಲ್ಲ. ಈ ವ್ಯತ್ಯಾಸಕ್ಕೆ ಕಾರಣವೇನು?

ಗಾಳಿ ಮತ್ತು ಬೆಟ್ಟ

ಮೊದಲನೆಯ ಕಾರಣ ಗಾಳಿಯ ದಿಕ್ಕು. ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನಮ್ಮ ನಾಡಿನ ಮೇಲೆ ನೈರುತ್ಯ ಮಾರುತಗಳು ಬೀಸುವುವು. ಅರಬ್ಬೀ ಸಮುದ್ರದ ಮೇಲೆ ಬಹುದೂರ ಸಾಗಿ ಬರುವ ಈ ಗಾಳಿಯು ನೀರಾವಿಯಿಂದ ತುಂಬಿರುವುದು. ದಂಡೆಯನ್ನು ದಾಟಿದೊಡನೆ ಸಹ್ಯಾದ್ರಿಯು ಅದನ್ನು ಅಡ್ಡಗಟ್ಟುವುದರಿಂದ ಗಾಳಿಯು ಮೇಲೇರಲೇಬೇಕು.

ಮೇಲೇರಿದಂತೆ ವಾಯುವಿನ ಒತ್ತಡ ಕಡಿಮೆಯಾಗಿ ಗಾಳಿ ಹಿಗ್ಗುವುದು. ಹಿಗ್ಗಿದ ಗಾಳಿ ತಣ್ಣಗಾಗುವುದು. ಬಿಗಿಯಾಗಿ ಗಾಳಿ ತುಂಬಿದ ಸೈಕಲ್ ಟ್ಯೂಬಿನ ಬಾಯಿಯನ್ನು ಬಿಚ್ಚಿ ಬೆರಳೊಡ್ಡಿದರೆ ಹೊರಬೀಳುವ ಗಾಳಿ ತಂಪಾಗಿರುವುದನ್ನು ನಾವು ತಿಳಿಯಬಹುದು. ತಣ್ಣಗಾದ ಗಾಳಿಯಲ್ಲಿನ ನೀರಾವಿಯು ಹನಿಗೂಡಿ ಮೋಡವಾಗುವುದು, ಮಳೆಯಾಗಿ ಸುರಿಯುವುದು. ಹೀಗೆ ಕರಾವಳಿಯೂ ಘಟ್ಟವೂ ತೊಯ್ದುಹೋಗುವುವು.

ಘಟ್ಟದ ಪೂರ್ವಕ್ಕೆ ಗಾಳಿಯು ಕೆಳಗಿಳಿಯುವಾಗ ಇದಕ್ಕೆ ವಿರುದ್ಧವಾದ ಕ್ರಿಯೆ ನಡೆಯುವುದು. ಪಂಪು ಒತ್ತುವಾಗ ಅದರ ಕೊಳವೆ ಬಿಸಿಯಾಗುವಂತೆ, ಒತ್ತಡಕ್ಕೆ ಸಿಕ್ಕಿದ ಗಾಳಿಯೂ ಬಿಸಿಯಾಗುವುದು. ಒಣಗಾಳಿಯು ಒಂದು ಕಿಲೋಮೀಟರು ಇಳಿದರೆ ಅದರ ಉಷ್ಣತೆ ಸುಮಾರು 10 ಡಿಗ್ರಿಯಷ್ಟು ಏರುವುದು. ಬಿಸಿಯಾದ ಗಾಳಿಯಲ್ಲಿ ಮೋಡಗಳು ಕರಗುವುವು. ಈ ಪ್ರದೇಶವನ್ನು ಭೂಗೋಳಶಾಸ್ತ್ರದಲ್ಲಿ ಮಳೆಯ ನೆರಳು ಎಂದು ಕರೆಯುವರು. ಆಷಾಢದಲ್ಲಿ ಯಲಬುರ್ಗಾದ ರೈತನ ತಲೆಯ ಮೇಲೆ ಮೋಡಗಳು ದಿನವೂ ಓಡುತ್ತಿದ್ದರೂ ಅವನ ಹೊಲಕ್ಕೆ ಹನಿ ಬೀಳದಿರುವುದು ಇದರಿಂದಲೇ. ಆ ಸೀಮೆಗೆ ಹೆಚ್ಚು ಮಳೆ ಬರುವುದು ಸೆಪ್ಟೆಂಬರಿನಲ್ಲಿ, ಪಶ್ಚಿಮದ ಗಾಳಿಯ ಬಿರುಸು ತಗ್ಗಿ ಗುಡುಗಿನ ಮೋಡಗಳು ಕಟ್ಟತೊಡಗಿದಾಗ. ಉತ್ತರೆ, ಹಸ್ತ ಮಳೆಗಳಿಗಾಗಿ ಅಲ್ಲಿಯ ರೈತರು ಕಾದು ಕುಳಿತಿರುವುದು ಸಕಾರಣವಾದುದೇ.

ಕರಾವಳಿಯಾದರೂ ಬೇಗೆ ಏಕೆ?

ಈಗ ಒಂಗೋಲಿನ ಬೇಗೆಯ ಕಾರಣವೂ ಸ್ಪಷ್ಟವಾಗುವುದು. ಬೇಸಿಗೆಯ ಕೊನೆಯಲ್ಲಿ ಪಣಜಿಗೆ ಗಾಳಿ ಬರುವುದು ಸಮುದ್ರದಿಂದ; ಆದುದರಿಂದ ಉಷ್ಣತೆ ಹಿತಮಿತವಾಗಿರುವುದು. ಅದೇ ಕಾಲದಲ್ಲಿ ಒಂಗೋಲಿಗೆ ಪಶ್ಚಿಮದ ಗಾಳಿ ಬರುವುದು ಕಾದ ದಖ್ಖನ್ ಪ್ರಸ್ಥಭೂಮಿಯ ಮೇಲಿಂದ. ನಲ್ಲಮಲ ಬೆಟ್ಟಗಳನ್ನು ಇಳಿಯುವಾಗ ಅದು ಮತ್ತಷ್ಟು ಬಿಸಿಯಾಗುವುದು. ಸಮುದ್ರವು ಪಕ್ಕದಲ್ಲಿದ್ದರೂ ಈ ಗಾಳಿ ಬಲವಾಗಿರುವ ದಿನಗಳಲ್ಲಿ ತಂಗಾಳಿಗೆ ಒಳನುಗ್ಗಲು ಅವಕಾಶವಿಲ್ಲ. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಗಾಳಿಯು ಈಶಾನ್ಯಕ್ಕೆ ತಿರುಗಿ ಬಂಗಾಳ ಕೊಲ್ಲಿಯ ನೀರಾವಿಯನ್ನು ಹೊತ್ತು ತಂದಾಗ ಒಂಗೋಲಿಗೆ ಒಳ್ಳೆಯ ಮಳೆಯಾಗುವುದು. ಆ ಗಾಳಿಯು ಪ್ರಸ್ಥಭೂಮಿಯನ್ನು ದಾಟಿ ಪಣಜಿಯನ್ನು ತಲಪುವ ವೇಳೆಗೆ ಒಣಗಿರುವುದು.

ಸಮುದ್ರದ ನೀರು ಬೆಚ್ಚಗಿರುವುದೋ ತಣ್ಣಗಿರುವುದೋ ಎಂಬುದೂ ಮುಖ್ಯ. ದಕ್ಷಿಣ ಅಮೆರಿಕದಲ್ಲಿ ಲಿಮಾ, ಸಾಲ್ವಡೋರ್ ಎಂಬ ಎರಡು ಕರಾವಳಿ ನಗರಗಳು 12-13 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿರುವುವು. ಬ್ರೆಜಿಲಿನ ಸಾಲ್ವಡೋರಿಗೆ ಬೆಚ್ಚನೆಯ ಸಮುದ್ರದ ಕಡೆಯಿಂದ ಗಾಳಿ ಬೀಸಿ ವರ್ಷಕ್ಕೆ 2,000 ಮಿಲಿಮೀಟರಿನ ಸುಮಾರು ಮಳೆ ಸುರಿಯುವುದು. ಪೆರು ದೇಶದ ಲಿಮಾದ ಮುಂದೆ ಹಂಬೋಲ್ಟ್ ಎಂಬ ತಣ್ಣನೆಯ ಪ್ರವಾಹ ಹರಿಯುವುದು. ತಣ್ಣೀರಿನ ಮೇಲಣ ಗಾಳಿಯು ಭಾರವಾಗಿ ಮೇಲೇರದು. ಮಂಜು ಕವಿಯುವುದೇ ಹೊರತು ಮಳೆಯಾಗದು. ಲಿಮಾದಲ್ಲಿ ವರ್ಷಕ್ಕೆ 25 ಮಿಲಿಮೀಟರು ಮಳೆಯೂ ಬೀಳುವುದಿಲ್ಲ.

ಗಾಳಿ ತಾರದ್ದನ್ನು ನದಿ ತಂದಿತು

ಮತ್ತೆ ನಮ್ಮ ಗೆರೆಗೆ ಬರೋಣ. ಘಟ್ಟದಲ್ಲಿ ಬಿದ್ದ ಮಳೆಯೆಲ್ಲ ಪಶ್ಚಿಮಕ್ಕೆ ಹರಿದುಹೋಗುವುದಿಲ್ಲ. ತುಂಗೆ, ಭದ್ರೆಗಳು ಮಲೆನಾಡಿನ ನೀರನ್ನು ಪೂರ್ವಕ್ಕೆ ಒಯ್ಯುವುವು. ಕೊಪ್ಪಳ ತಾಲ್ಲೂಕಿನ ಮುನಿರಾಬಾದಿನ ಬಳಿ ಈ ನೀರನ್ನು ತಡೆದ ತುಂಗಭದ್ರಾ ಜಲಾಶಯದಲ್ಲಿ 1953ರಲ್ಲಿ ಮೊದಲು ನೀರು ನಿಂತಿತು. ಎಡದಂಡೆಯ ಕಾಲುವೆಯಿಂದ ಗಂಗಾವತಿಯು ಭತ್ತದ ನಾಡಾಯಿತು. ಎತ್ತರದ ನೆಲದಲ್ಲಿರುವ ಕುಷ್ಟಗಿ, ಯಲಬುರ್ಗಾಗಳಿಗೆ ಆ ಕಾಲುವೆ ಎಟುಕಲಿಲ್ಲ. ಅಲ್ಲಿಯ ಜೋಳ, ಸಜ್ಜೆ, ಕಡಲೆಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿರುವುವು. ಒಂದೇ ಬಿಸಿಲು, ಹೆಚ್ಚುಕಡಿಮೆ ಒಂದೇ ಮಳೆ. ಆದರೂ ಒಂದೆಡೆ ಗದ್ದೆ, ಇನ್ನೊಂದೆಡೆ ಒಣಬೇಸಾಯ.

ಆದುದರಿಂದ ಗಂಗಾವತಿಯ ರೈತನು ತನ್ನೂರಿನ ಆಕಾಶವನ್ನು ನೋಡಿದರೆ ಸಾಲದು. ಘಟ್ಟದ ಮಳೆಯ ಸುದ್ದಿಯನ್ನೂ ಕೇಳಬೇಕು. ಮಲೆನಾಡಿನಲ್ಲಿ ಮಳೆ ಕೈಕೊಟ್ಟ ವರ್ಷ ಅವನ ಗದ್ದೆಗೆ ನೀರಿಲ್ಲ. ಒಂದು ಊರಿನ ವಾಯುಗುಣವನ್ನು ಅರಿಯಬೇಕಾದರೆ ಅದರ ಅಕ್ಷಾಂಶವನ್ನು ತಿಳಿದ ಮೇಲೆ ಮೂರು ಪ್ರಶ್ನೆಗಳನ್ನು ಕೇಳಬೇಕು: ಗಾಳಿ ಎತ್ತಲಿಂದ ಬರುವುದು? ದಾರಿಯಲ್ಲಿ ಯಾವ ಬೆಟ್ಟವನ್ನು ದಾಟಿರುವುದು? ಎಂತಹ ನೀರಿನ ಮೇಲೆ ಹಾದಿರುವುದು? ವಿದ್ಯಾರ್ಥಿಗಳು ತಮ್ಮ ಊರಿನ ಗೆರೆಯನ್ನೂ ಭೂಪಟದ ಮೇಲೆ ಎಳೆದು ಈ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಿ ನೋಡಲಿ.