ಎಫೆಮರಲ್ ಅಂದ್ರೆ ಟೆಂಪರರಿ ಅಲ್ಲ

ಹೊಸಪೇಟೆಯ ಮನೆಯಲ್ಲೇ ಕೂತು ಆಫೀಸ್ ಕೆಲಸ ಮಾಡ್ತಿದ್ದೆ. ಬಾಡಿಗೆ ಸರ್ವರ್‌ನ ಪರದೆ ಮೇಲೆ ‘ಎಫೆಮರಲ್ ಸ್ಟೋರೇಜ್’ ಅಂತಿತ್ತು. ಟೆಂಪರರಿ ಇರಬೇಕು, ಆಮೇಲೆ ಬೇರೆ ಕಡೆ ಹಾಕಿಕೊಂಡ್ರಾಯ್ತು ಅಂದುಕೊಂಡು ಎರಡು ದಿನದ ಕೆಲಸವನ್ನೆಲ್ಲ ಅದರಲ್ಲೇ ಇಟ್ಟೆ. ರಾತ್ರಿ ಸರ್ವರ್ ಬಂದ್ ಮಾಡಿ ಮಲಗಿದೆ. ಬೆಳಿಗ್ಗೆ ನೋಡಿದ್ರೆ ಒಂದು ಫೈಲೂ ಇಲ್ಲ. ಆ ಜಾಗದ ಗುಣವೇ ಅದು, ಸರ್ವರ್ ನಿಂತರೆ ಒಳಗಿದ್ದದ್ದೂ ಹೋಯ್ತು.

ನಿಘಂಟು ತೆಗೆದರೆ ‘ಕ್ಷಣಿಕ’ ಅನ್ನುತ್ತೆ. ಮೂಲ ಗ್ರೀಕ್‌ನಲ್ಲಿ ಅದು ಕ್ಷಣವೂ ಅಲ್ಲ, ಒಂದು ದಿನ. ‘ಹೆಮೆರಾ’ ಅಂದ್ರೆ ದಿನ. ಒಂದೇ ದಿನ ಬಂದು ಹೋಗುವ ಜ್ವರಕ್ಕೆ ಹಿಂದೆ ಈ ಪದ ಬಳಸುತ್ತಿದ್ದರು. ರೆಕ್ಕೆ ಬಂದ ಮೇಲೆ ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ ಬದುಕುವ ಮೇಫ್ಲೈ ಹುಳದ ಗುಂಪಿಗೂ ‘ಎಫೆಮೆರಾಪ್ಟೆರಾ’ ಅಂತಲೇ ಹೆಸರು. (ಅದಕ್ಕೂ ಮುಂಚೆ ನೀರೊಳಗೆ ಮರಿಯಾಗಿ ತಿಂಗಳುಗಟ್ಟಲೆ ಇದ್ದದ್ದು ಲೆಕ್ಕಕ್ಕಿಲ್ಲ, ಪಾಪ.)

ಹಾಗಾದ್ರೆ ಟೆಂಪರರಿ ಯಾವುದು? ಅದನ್ನು ನಾವು ಕಣ್ಣಾರೆ ನೋಡಿದ್ದೇವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನ್ ಕಡಿದು ಗೇಟು ಕೊಚ್ಚಿಹೋಯ್ತು. ಒಂದು ವಾರದಲ್ಲಿ ಸ್ಟಾಪ್‌ಲಾಗ್ ಇಳಿಸಿ ನೀರು ತಡೆದರು. ಅದು ತಾತ್ಕಾಲಿಕ. ಆದರೆ ಹೊಸ ಗೇಟು ಬರೋವರೆಗೆ ನಿಲ್ಲಲೇಬೇಕು ಅಂತ ಇಳಿಸಿದ್ದು. ಇಲ್ಲದಿದ್ರೆ ಕಂಪ್ಲಿ ಕಡೆಯ ಭತ್ತದ ಗತಿ ಏನು?

ಎಫೆಮರಲ್ ಬೇಕಾದ್ರೆ ಸಂಡೂರಿಗೆ ಹೋಗಿ. ಗುಡ್ಡದಲ್ಲಿ ಜೋರು ಮಳೆ ಬಿದ್ದರೆ ಹಳ್ಳ ಕೆಂಪಗೆ ಉಕ್ಕುತ್ತೆ, ಮಳೆ ನಿಂತ ಸ್ವಲ್ಪ ಹೊತ್ತಿಗೆ ಮತ್ತೆ ಬರೀ ಮರಳು, ಕಲ್ಲು. ಇಂಥ ಹಳ್ಳಕ್ಕೆ ಜಲವಿಜ್ಞಾನದವರು ಎಫೆಮರಲ್ ಸ್ಟ್ರೀಮ್ ಅಂತಲೇ ಹೇಳ್ತಾರೆ. ಅದನ್ನು ಯಾರೂ ತಾತ್ಕಾಲಿಕವಾಗಿ ಹರಿಸಿದ್ದಲ್ಲ, ಅದು ಇರೋದೇ ಅಷ್ಟು. ಫೈಲು ಹೋದ ಕಥೆ ಹೇಳಿದಾಗ ಅಪ್ಪ ಕೇಳಿದ್ದೂ ಇದನ್ನೇ: “ಹಳ್ಳದ ನೀರು ನಂಬ್ಕೊಂಡು ಯಾರರ ಭತ್ತ ಹಚ್ತಾರೇನೋ?”

ಹಂಪಿ ಫೋಟೊ ಹಾಕಿ ‘ಎಫೆಮರಲ್’ ಅಂತ ಬರೆಯುವವರೂ ಇದ್ದಾರೆ. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ರಾಜಧಾನಿಯಾಗಿದ್ದ ಊರು, 1565ರಲ್ಲಿ ಹಾಳಾದ ಮೇಲೂ ಕಲ್ಲು ನಿಂತೇ ಇದೆ. ಮಾತಂಗ ಬೆಟ್ಟದ ಮೇಲಿಂದ ಕಾಣುವ ಸಂಜೆಯ ಬಣ್ಣಕ್ಕೆ ಆ ಪದ ಹಾಕಿ, ಒಪ್ಪುತ್ತೆ. 24 ಗಂಟೆಗೆ ಮಾಯವಾಗುವ ವಾಟ್ಸ್‌ಆ್ಯಪ್ ಸ್ಟೇಟಸ್‌ಗೂ ಸರಿ. ಆರು ತಿಂಗಳ ಕಾಂಟ್ರಾಕ್ಟ್ ಕೆಲಸಕ್ಕೆ ಮಾತ್ರ ಬೇಡ, ಅದು ಟೆಂಪರರಿ.

ನಾನು ಎರಡು ದಿನದ ಕೆಲಸ ಮತ್ತೆ ಕೂತು ಮಾಡಿದೆ. ಮ್ಯಾನೇಜರ್‌ಗೆ ಕಳಿಸಿದ ಮೇಲ್‌ನಲ್ಲಿ ‘ಟೆಂಪರರಿ ಪ್ರಾಬ್ಲಂ’ ಅಂತ ಬರೆದಿದ್ದೆ. ಅಲ್ಲಿ ಆ ಪದ ಸರಿಯಾಗೇ ಇತ್ತು.