ಕಾಡಿಗೆಯ ಕುಲ ಎರಡು

ಕೂಸಿಗೆ ಎಣ್ಣೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು, ಕಣ್ಣಿಗೆ ಕಾಡಿಗೆ ತೀಡಿ, ಕೆನ್ನೆಯ ಮೇಲೊಂದು ದೃಷ್ಟಿಬೊಟ್ಟು ಇಟ್ಟರೆ ಬಾಣಂತಿ ಮನೆಯ ಅಂದಿನ ದೊಡ್ಡ ಕೆಲಸ ಮುಗಿದಂತೆ. ಆ ಬೊಟ್ಟಿನ ಕಪ್ಪು ಎಲ್ಲಿಯದೆಂದು ಹಿಂದಿನವರು ಕೇಳಬೇಕಾಗಿರಲಿಲ್ಲ. ಅದು ಮನೆಯಲ್ಲೇ ಆಗುತ್ತಿತ್ತು. ಹೊನಗೊನ್ನೆ ಸೊಪ್ಪಿನದೋ ನಂದಿಬಟ್ಟಲು ಹೂವಿನದೋ ರಸದಲ್ಲಿ ಬಿಳಿ ಬಟ್ಟೆಯನ್ನು ಅದ್ದಿ ಒಣಗಿಸಿ, ಬತ್ತಿ ಹೊಸೆದು, ಹರಳೆಣ್ಣೆಯ ಹಣತೆಯಲ್ಲಿ ಉರಿಸಿ, ಮೇಲೆ ತಾಮ್ರದ ತಟ್ಟೆಯನ್ನು ಬೋರಲು ಹಾಕುತ್ತಿದ್ದರು. ತಟ್ಟೆಗೆ ಹಿಡಿದ ಮಸಿಯನ್ನು ಕೆರೆದು, ತುಪ್ಪದಲ್ಲಿ ಕಲಸಿ ಕರಡಿಗೆಗೆ ತುಂಬಿದರೆ ಕಾಡಿಗೆ ಸಿದ್ಧ. ಬಹುಪಾಲು ಇಂಗಾಲ ಮತ್ತು ಜಿಡ್ಡು, ಅಷ್ಟೆ.

ಕಣ್ಣಿನ ಕಪ್ಪಿಗೆ ಇನ್ನೊಂದು ಕುಲವೂ ಇದೆ. ಅದು ದೀಪದಿಂದಲ್ಲ, ಗಣಿಯಿಂದ ಬಂದದ್ದು. ಪ್ರಾಚೀನ ಈಜಿಪ್ಟಿನವರು ಕೆಂಪು ಸಮುದ್ರದ ದಂಡೆಯ ಗೆಬೆಲ್ ಜೈತ್‌ನಲ್ಲಿ ಗೆಲೀನಾ ಎಂಬ ಹೊಳೆಯುವ ಕರಿಯ ಅದಿರನ್ನು ಅಗೆಯುತ್ತಿದ್ದರು. ಅದನ್ನು ಅರೆದು ಕಣ್ಣಿಗೆ ಹಚ್ಚುತ್ತಿದ್ದರು. ಗೆಲೀನಾ ಎಂದರೆ ಸೀಸದ ಸಲ್ಫೈಡ್. ಕಣ್ಣಿಗೆ ಹಚ್ಚುವ ಇಂಥ ಪುಡಿಗೆ ಅರಬರ ಹೆಸರು ‘ಕುಹ್ಲ್’. ಇದೇ ಶಬ್ದ ಯುರೋಪಿನ ರಸವಾದಿಗಳ ಕೈಗೆ ಸಿಕ್ಕು ಮೊದಲು ನಯವಾದ ಪುಡಿ, ಆಮೇಲೆ ಸಾರ, ಕೊನೆಗೆ ಮದ್ಯಸಾರ ಎಂಬ ಅರ್ಥ ಪಡೆದು ‘ಆಲ್ಕೋಹಾಲ್’ ಆಯಿತೆಂಬುದು ಬೇರೆಯೇ ಸ್ವಾರಸ್ಯ.

ನಮ್ಮಲ್ಲಿ ಈ ಕುಲದ ಹೆಸರು ಸುರ್ಮಾ. ಸುರ್ಮಾ ಎಂದರೆ ಆಂಟಿಮನಿ ಎಂಬುದು ರೂಢಿಯ ಮಾತು. ಆದರೆ ಹಲವು ದೇಶಗಳ ಪೇಟೆಯಿಂದ ತಂದು ಪರೀಕ್ಷಿಸಿದ ಪುಡಿಗಳಲ್ಲಿ ಮತ್ತೆ ಮತ್ತೆ ಸಿಕ್ಕಿದ್ದು ಸೀಸ. ಕೆಲವದರಲ್ಲಿ ತೂಕದ ಅರ್ಧಕ್ಕಿಂತಲೂ ಹೆಚ್ಚು.

ಹಾಗಾದರೆ ಈಜಿಪ್ಟಿನವರು ಅರಿಯದೆ ವಿಷ ಹಚ್ಚಿಕೊಂಡರೇ? ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಅವರ ಕಾಡಿಗೆ ಪಾತ್ರೆಗಳ ಅವಶೇಷಗಳನ್ನು ಆಧರಿಸಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಕುತೂಹಲಕರ ಸಂಗತಿ ಹೇಳಿತು. ಅವುಗಳಲ್ಲಿದ್ದ ಕೆಲವು ಸೀಸದ ಲವಣಗಳು ಅತ್ಯಲ್ಪ ಪ್ರಮಾಣದಲ್ಲಿ ಜೀವಕೋಶದಿಂದ ನೈಟ್ರಿಕ್ ಆಕ್ಸೈಡ್ ಹೊರಡಿಸುತ್ತವೆ. ಅದರಿಂದ ಕಣ್ಣಿನ ಸೋಂಕು ತಡೆಯುವ ಶಕ್ತಿ ಹೆಚ್ಚಿದ್ದೀತು ಎಂದು. ಆದರೆ ಪ್ರಯೋಗ ನಡೆದದ್ದು ಪ್ರಯೋಗಶಾಲೆಯ ಚರ್ಮಕೋಶಗಳ ಮೇಲೆ, ಕೂಸಿನ ಮೇಲಲ್ಲ. ಇದನ್ನೇ ಹಿಡಿದು ಸುರ್ಮಾವನ್ನು ಹೊಗಳುವುದು ಸಲ್ಲದು.

ಸೀಸ ಚರ್ಮದ ಮೂಲಕ ಒಳಹೋಗುವುದು ಕಡಿಮೆ. ದಾರಿ ಬೇರೆ. ಕಣ್ಣೀರಿನೊಡನೆ ಕಪ್ಪು ಮೂಗಿಗೆ, ಅಲ್ಲಿಂದ ಗಂಟಲಿಗೆ ಇಳಿಯುತ್ತದೆ. ಕೂಸು ಕಣ್ಣುಜ್ಜಿ ಅದೇ ಬೆರಳನ್ನು ಚೀಪುತ್ತದೆ. ದೊಡ್ಡವರ ಕರುಳು ನುಂಗಿದ ಸೀಸದಲ್ಲಿ ಸುಮಾರು ಹತ್ತನೆಯ ಒಂದು ಪಾಲು ಹೀರಿದರೆ, ಎಳೆಯ ಮಕ್ಕಳದು ಅರ್ಧದವರೆಗೂ ಹೀರಬಲ್ಲದು. ಸೀಸವನ್ನು ಸುಣ್ಣದಂಶವೆಂದೇ ಭ್ರಮಿಸುವ ದೇಹ ಅದನ್ನು ಮೂಳೆಯಲ್ಲಿ ವರ್ಷಗಟ್ಟಲೆ ಕೂಡಿಡುತ್ತದೆ. ಪೆಟ್ಟು ಬೀಳುವುದು ಬೆಳೆಯುವ ಮಿದುಳಿಗೆ. ಜ್ವರವಿಲ್ಲ, ಗುಳ್ಳೆಯಿಲ್ಲ, ತಾಯಿಯ ಕಣ್ಣಿಗೆ ಏನೂ ಕಾಣುವುದಿಲ್ಲ. ಇಷ್ಟು ಸೀಸದಿಂದ ಅಪಾಯವಿಲ್ಲ ಎನ್ನಬಹುದಾದ ಮಟ್ಟವೇ ಗೊತ್ತಾಗಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಭಾರತದ 2020ರ ಸೌಂದರ್ಯವರ್ಧಕ ನಿಯಮಗಳು ಬಣ್ಣಕ್ಕಾಗಿ ಸೀಸದ ಸಂಯುಕ್ತ ಬಳಸುವುದನ್ನು ನಿಷೇಧಿಸಿವೆ. ಆದರೆ ತಯಾರಕರ ಹೆಸರು ವಿಳಾಸವಿಲ್ಲದ ಪೊಟ್ಟಣಕ್ಕೆ ಯಾವ ನಿಯಮ? ನಿಜವಾದ ತೊಡಕು ಹೆಸರಿನದು. ಮನೆಯ ಹಣತೆ ತಲೆಮಾರುಗಳಿಂದ ಗಳಿಸಿದ ನಂಬಿಕೆಯನ್ನು ‘ಕಾಡಿಗೆ’ ಎಂಬ ಒಂದೇ ಶಬ್ದದ ಮರೆಯಲ್ಲಿ ಗುರುತಿಲ್ಲದ ಡಬ್ಬಿಯೂ ಪಡೆದುಬಿಡುತ್ತದೆ. ಬರಿಗಣ್ಣಿಗೆ ಎರಡೂ ಕಪ್ಪೇ.

ಹಾಗೆಂದು ಮನೆಯ ಮಸಿ ಪೂರ್ತಿ ನಿರ್ದೋಷಿಯಲ್ಲ. ಅರೆಬರೆ ಉರಿದ ಎಣ್ಣೆಯ ಬೇಡದ ಅಂಶಗಳು ಅದರಲ್ಲಿರಬಹುದು. ತೀಡುವ ಬೆರಳಿನ ಕೊಳೆಯಿಂದ ಸೋಂಕೂ ತಗಲಬಹುದು. ಆದ್ದರಿಂದಲೇ ಮಕ್ಕಳ ಕಣ್ಣಿನೊಳಗೆ ಏನನ್ನೂ ಹಚ್ಚಬೇಡಿ ಎನ್ನುತ್ತಾರೆ ವೈದ್ಯರು. ದೃಷ್ಟಿಬೊಟ್ಟು ಬೇಕೇ ಬೇಕೆನ್ನುವ ಅಜ್ಜಿಯರಿಗೆ ಮನೆಯ ಹಣತೆಯ ಮಸಿ ಸಾಕು, ಅದೂ ಕಿವಿಯ ಹಿಂದೆ. ಅಂಗಾಲಿಗೆ ಇಡುವುದೂ ರೂಢಿಯೇ, ಆದರೆ ಕೂಸುಗಳು ಕಾಲ್ಬೆರಳನ್ನೂ ಬಾಯಿಗೆ ಒಯ್ಯುತ್ತವೆ.