ಹಸಿದಾಗ ಹಾಲು, ಹೆಚ್ಚಿದ್ದು ಮತ್ತೊಂದು ಕಂದನಿಗೆ

ಬಾಣಂತಿಯಿರುವ ಮನೆಗಳಲ್ಲಿ ಇಂದಿಗೂ ಎರಡು ಮಾತುಗಳು ಕೇಳಿಬರುತ್ತವೆ. ಮೂರು ಗಂಟೆಗೊಮ್ಮೆ ಹಾಲೂಡಿಸಿದರೆ ಸಾಕು ಎಂಬುದು ಒಂದು. ಮಗು ಪದೇ ಪದೇ ಅಳುತ್ತಿದೆ, ತಾಯಿಯ ಹಾಲು ಸಾಲುತ್ತಿಲ್ಲ, ಡಬ್ಬಿ ಹಾಲು ತನ್ನಿ ಎಂಬುದು ಇನ್ನೊಂದು. ಅನೇಕ ವೇಳೆ ಮೊದಲನೆಯ ಮಾತನ್ನು ಪಾಲಿಸಿದ್ದೇ ಎರಡನೆಯದಕ್ಕೆ ಕಾರಣವಾಗಿರುತ್ತದೆ.

ಕುಡಿದಷ್ಟೂ ಹೆಚ್ಚುವ ಹಾಲು

ಮಗು ಎದೆ ಚೀಪಿದಾಗ ತಾಯಿಯ ಪಿಟ್ಯುಟರಿ ಗ್ರಂಥಿಯಿಂದ ಎರಡು ಹಾರ್ಮೋನುಗಳು ಸ್ರವಿಸುತ್ತವೆ. ಪ್ರೊಲ್ಯಾಕ್ಟಿನ್ ಹಾಲಿನ ಉತ್ಪತ್ತಿಗೆ ನೆರವಾದರೆ, ಆಕ್ಸಿಟೋಸಿನ್ ಅದನ್ನು ಹೊರಹರಿಸುತ್ತದೆ. ಹಾಲು ಎದೆಯಲ್ಲೇ ತುಂಬಿ ನಿಂತರೆ ಉತ್ಪತ್ತಿ ತಗ್ಗುತ್ತದೆ, ಖಾಲಿಯಾದಷ್ಟೂ ಹೆಚ್ಚುತ್ತದೆ. ಡಬ್ಬಿ ಹಾಲು ಕುಡಿದು ಮಲಗಿದ ಮಗು ಎದೆ ಚೀಪುವುದು ಕಡಿಮೆಯಾದಂತೆ ತಾಯಿಯ ಹಾಲು ನಿಜಕ್ಕೂ ಇಳಿಮುಖವಾಗುತ್ತದೆ.

ನವಜಾತ ಶಿಶುವಿನ ಜಠರ ಬಲು ಚಿಕ್ಕದು. ಆದ್ದರಿಂದ ಅದು ದಿನದ 24 ಗಂಟೆಗಳಲ್ಲಿ 8ರಿಂದ 12 ಬಾರಿ ಹಾಲು ಬಯಸುವುದು ಸಹಜ. ಕೈ ಚೀಪುವುದು, ತುಟಿ ಚಪ್ಪರಿಸುವುದು, ಬಾಯ್ತೆರೆದು ಅತ್ತಿತ್ತ ಹುಡುಕುವುದು ಹಸಿವಿನ ಮೊದಲ ಸೂಚನೆಗಳು, ಅಳು ಕೊನೆಯದು. ರಾತ್ರಿಯ ಹಾಲನ್ನೂ ತಪ್ಪಿಸಬಾರದು. ಕಡಿಮೆ ತೂಕದ, ಸದಾ ನಿದ್ರಿಸುವ ಶಿಶುವನ್ನು ಎಬ್ಬಿಸಿಯಾದರೂ ಊಡಿಸಬೇಕು. ಮೊದಲ ವಾರ ಕಳೆದ ಬಳಿಕ ಮಗು ದಿನಕ್ಕೆ ಆರು ಬಾರಿಗಿಂತ ಕಡಿಮೆಯಿಲ್ಲದಂತೆ ಮೂತ್ರ ಮಾಡುತ್ತಿದ್ದು, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಇಲ್ಲವಾದರೆ ವೈದ್ಯರನ್ನು ಕಾಣಬೇಕು.

ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಆರಂಭಿಸಬೇಕು, ಆರು ತಿಂಗಳವರೆಗೆ ಅದನ್ನು ಮಾತ್ರ ನೀಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಳದಿ ಬಣ್ಣದ ಮೊದಲ ಹಾಲನ್ನು ಚೆಲ್ಲುವುದು, ಜೇನುತುಪ್ಪ ಅಥವಾ ಸಕ್ಕರೆ ನೀರು ನೆಕ್ಕಿಸುವುದು ಸಲ್ಲದು.

ದಾನದ ಹಾಲು ಯಾರಿಗೆ?

ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ತಾಯಂದಿರಿಗೆ ಅನಾರೋಗ್ಯದಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಹಾಲು ತಡವಾಗಬಹುದು. ಇಂತಹ ಶಿಶುಗಳಿಗೆ ಡಬ್ಬಿ ಹಾಲು ನೀಡಿದರೆ ಕರುಳು ಕೊಳೆಯುವ ಮಾರಕ ಕಾಯಿಲೆಯ ಅಪಾಯ ಹೆಚ್ಚು. ಹೆತ್ತ ತಾಯಿಯ ಹಾಲೇ ಮೊದಲ ಆಯ್ಕೆ. ಅದು ದೊರೆಯದಿದ್ದಾಗ ಬೇರೊಬ್ಬ ತಾಯಿಯ ಸಂಸ್ಕರಿಸಿದ ಹಾಲು ಎರಡನೆಯದು.

ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ 1989ರಲ್ಲಿ ಮುಂಬಯಿಯ ಸಯಾನ್‌ನಲ್ಲಿರುವ ಲೋಕಮಾನ್ಯ ತಿಲಕ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಅವರ ಶ್ರಮದಿಂದ ಆರಂಭವಾಯಿತು. ಕೇಂದ್ರ ಸರ್ಕಾರ 2017ರಲ್ಲಿ ಇಂತಹ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ‘ಅಮೃತಧಾರೆ’ ಕೇಂದ್ರ ತೆರೆಯಿತು.

ದಾನಿಯ ಲಿಖಿತ ಒಪ್ಪಿಗೆ ಪಡೆದು, ಎಚ್ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಮುಂತಾದವುಗಳಿಗೆ ರಕ್ತಪರೀಕ್ಷೆ ನಡೆಸಲಾಗುತ್ತದೆ. ಸಂಗ್ರಹಿಸಿದ ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿ, ಬೇಗನೆ ತಣಿಸಿ, ಬ್ಯಾಕ್ಟೀರಿಯಾ ಪರೀಕ್ಷೆಯ ನಂತರವೇ ಬಳಸಲಾಗುತ್ತದೆ. ಅಲ್ಲಿಯವರೆಗೆ ಅದು ಮೈನಸ್ 20 ಡಿಗ್ರಿಯಲ್ಲಿರುತ್ತದೆ. ಪರೀಕ್ಷೆಗೊಳಪಡದ ಹಾಲನ್ನು ಪರಿಚಿತರ ಮೂಲಕ ನೇರವಾಗಿ ಪಡೆಯುವುದು ಈ ಕಾರಣಕ್ಕಾಗಿಯೇ ಸುರಕ್ಷಿತವಲ್ಲ. ಇದು ದಾನವೇ ಹೊರತು ವ್ಯಾಪಾರವಲ್ಲ. ಎದೆಹಾಲಿನ ಸಂಸ್ಕರಣೆ ಮತ್ತು ಮಾರಾಟಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲವೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಮೇ ತಿಂಗಳಲ್ಲಿ ಸ್ಪಷ್ಟಪಡಿಸಿದೆ.

ನನ್ನ ಮಗುವಿಗೆ ಕೊರತೆಯಾಗದೇ?

ಹಿರಿಯರನ್ನೂ ಬಾಣಂತಿಯನ್ನೂ ಕಾಡುವ ಪ್ರಶ್ನೆಯಿದು. ಮಗು ಕೇಳಿದಾಗಲೆಲ್ಲ ಊಡಿಸಿ, ಅದು ತೃಪ್ತಿಯಾದ ಮೇಲೆ ಉಳಿದದ್ದನ್ನು ಹಿಂಡಿ ಕೊಡುವುದರಿಂದ ಕೊರತೆಯಾಗದು. ತೆಗೆದಷ್ಟೂ ಹೆಚ್ಚುವುದೇ ಎದೆಹಾಲಿನ ನಿಯಮ. ಸ್ವಂತ ಮಗು ಚೆನ್ನಾಗಿ ಬೆಳೆಯುತ್ತಿರುವ, ತಂಬಾಕು ಮದ್ಯ ಸೇವಿಸದ ಆರೋಗ್ಯವಂತ ತಾಯಂದಿರನ್ನಷ್ಟೇ ದಾನಿಗಳಾಗಿ ಸ್ವೀಕರಿಸಲಾಗುತ್ತದೆ.

ಒಂದು ಕಿಲೋ ತೂಕದ ಶಿಶುವಿಗೆ ಮೊದಮೊದಲು ಒಂದು ಬಾರಿಗೆ ಬೇಕಾಗುವುದು ಕೆಲವೇ ಮಿಲಿಲೀಟರ್ ಹಾಲು. ಎದೆ ಬಿಗಿದಾಗ ಹಿಂಡಿ ಚೆಲ್ಲುವ ಒಂದು ಲೋಟ ಹಾಲು ಅಂತಹ ಎಷ್ಟೋ ಶಿಶುಗಳ ಹೊಟ್ಟೆ ತುಂಬಿಸಬಲ್ಲದು. ಹಾಲು ಹೆಚ್ಚಿರುವ ತಾಯಂದಿರು ಹೆರಿಗೆಯಾದ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಈ ಬಗ್ಗೆ ಒಮ್ಮೆ ವಿಚಾರಿಸುವುದು ಒಳಿತು.